ಸೇತುವೆ ದಾಟಿದ ಜಮಖಾನ

ಹೆಣ್ಣು ನೋಡಲು ಬರುವವರ ಕಣ್ಣಿಗೆ ಗೋಡೆಯ ಮೇಲೆ ತೊಳೆದ ಜಮಖಾನ ಬೀಳದಿದ್ದರೆ, ರೊಮೇನಿಯಾದ ನಮ್ಮ ಗುಡ್ಡದ ಕಡೆ ಸಂಬಂಧ ಕುದುರುವುದಿಲ್ಲ. ಹುಡುಗಿ ಹೇಗಿದ್ದರೂ ನಡೆಯುತ್ತದೆ. ಅದಕ್ಕೇ ಸವೇತ ಬೆಳಿಗ್ಗೆಯೇ ಗಂಡ ಗವ್ರಿಲನ ಹೆಗಲಿಗೆ ಗುಲಾಬಿ ಹೂವಿನ ಉಣ್ಣೆ ಜಮಖಾನ ಹೇರಿದಳು.

"ಗಿರಣಿಗೆ ಹೋಗಿ ತೊಳ್ಕೊಂಡ್ಬನ್ನಿ. ಸಂಜೆ ಮಗಳು ಇಲಿಂಕಾನ ನೋಡೋಕೆ ಕೆಳಗಿನೂರಿಂದ ಬರ್ತಾರೆ. ಇದೊಂದಾದ್ರೂ ಕೆಡಿಸ್ಬೇಡಿ."

ನಮ್ಮ ಹಳ್ಳವೆಂದರೆ ಕೋಳಿ ಕಾಲು ನೆನೆಯದೆ ದಾಟುವಷ್ಟು. ಮಳೆಯಾದ ಮರುದಿನ ಮಾತ್ರ ಅದಕ್ಕೆ ಎಲ್ಲಿಲ್ಲದ ಪೊಗರು. ಗಿರಣಿಯ ಬಳಿ ಅದರ ನೀರನ್ನು ಮರದ ತೊಟ್ಟಿಗೆ ಧುಮುಕಿಸಿದ್ದಾರೆ. ನೀರು ಗಿರಗಿರ ಸುತ್ತಿ ಜಮಖಾನವನ್ನು ತಾನೇ ತೊಳೆಯುತ್ತದೆ. ಮನುಷ್ಯ ಸುಮ್ಮನೆ ಕಾದರಾಯಿತು. ನಾವು ಅದನ್ನೂ ಕೆಡಿಸುವ ಜಾಣರು.

ರಾತ್ರಿ ಮಳೆಯಾಗಿತ್ತು. ಗಿರಣಿಯ ತೊವಾದರ್ ಪ್ಲಮ್ ಸಾರಾಯಿ ಬಗ್ಗಿಸಿದ. ಒಂದು ಲೋಟ ಮಗಳ ಭಾಗ್ಯಕ್ಕೆ, ಒಂದು ಅಳಿಯನ ಆರೋಗ್ಯಕ್ಕೆ. ಮೊಮ್ಮಕ್ಕಳಿಗೆ ಹೆಸರಿಡುವಷ್ಟರಲ್ಲಿ ನೀರು ಉಕ್ಕಿ ಜಮಖಾನ ತೊಟ್ಟಿ ಹಾರಿತ್ತು.

"ಓಡೋ! ಸೇತುವೆ ದಾಟಿದ್ರೆ ಕೆಳಗಿನೂರೋರ ಪಾಲು!" ತೊವಾದರ್ ಕೂಗಿದ. ಅದು ಅಜ್ಜಂದಿರ ಕಾಲದ ಕಟ್ಟಳೆ.

ದಡದ ಹೆಂಗಸರು "ಎಡಕ್ಕೆ ಹಾರು!" "ಬಲಕ್ಕೆ ಹಾರೋ, ಮಂಕೇ!" ಎಂದರು. ಗವ್ರಿಲ ಇಬ್ಬರ ಮಾತಿಗೂ ಮರ್ಯಾದೆ ಕೊಟ್ಟು ನಡುವೆ, ಕೆಸರಿಗೆ ಹಾರಿದ. ಎದ್ದು ನೋಡಿದರೆ ಜಮಖಾನ ಸೇತುವೆ ದಾಟಿತ್ತು.

"ಅಯ್ಯೋ, ಮಗಳ ಮದುವೆ ಕೆಡಿಸ್ಬಿಟ್ನಲ್ಲೋ!" ಗವ್ರಿಲ ಅತ್ತೇಬಿಟ್ಟ.

"ಅಳ್ಬೇಡ್ವೋ. ಯಾರೋ ತೊಳೆಯೋಕೆ ಕಳಿಸಿದ್ದ ಜಮಖಾನ ಬೇಲಿ ಮೇಲಿದೆ. ಈವತ್ತಿಗೆ ತೂಗಾಕು, ನಾಳೆ ತಂದ್ಕೊಡು," ಎಂದ ತೊವಾದರ್.

ಸಂಜೆ ಸವೇತ ಗೋಡೆ ನೋಡಿದಳು. "ರೀ, ನಮ್ಮದರಲ್ಲಿ ಗುಲಾಬಿ ಅಲ್ವಾ? ಇಲ್ಲಿ ಹುಂಜ ಕೂತಿದೆ!"

"ಚೆನ್ನಾಗಿ ತೊಳೆದಿದ್ದೀನಿ ಕಣೆ."

ಅವಳ ಕೈಗೆ ಪೊರಕೆ ಸಿಗುವ ಮೊದಲೇ ಬೀಗರು ಬಂದರು. ಹುಡುಗನ ತಾಯಿ ಪರಸ್ಕೀವ ಕೂತವಳೇ ಗೋಡೆ ದಿಟ್ಟಿಸಿ, "ಈ ಹುಂಜನ್ನ ನಾನೇ ನೇಯ್ದಿದ್ದು," ಎಂದಳು. ಗವ್ರಿಲ ಮೆಲ್ಲಗೆ ಬಾಗಿಲತ್ತ ಸರಿದ.

ಸವೇತಳ ಕಣ್ಣು ಮಾತ್ರ ಪರಸ್ಕೀವ ಉಡುಗೊರೆಯೆಂದು ತಂದಿದ್ದ ಗಂಟಿನ ಮೇಲಿತ್ತು. ಅದರೊಳಗಿಂದ ಒದ್ದೆ ಗುಲಾಬಿಯೊಂದು ಇಣುಕುತ್ತಿತ್ತು.

"ಆ ಗುಲಾಬಿ ನಾನು ನೇಯ್ದಿದ್ದು, ಅಕ್ಕಾ."

"ಅದು... ಸೇತುವೆ ದಾಟಿ ಬಂತು," ಪರಸ್ಕೀವ ತಡವರಿಸಿದಳು.

ಇಬ್ಬರೂ ಗವ್ರಿಲನತ್ತ ತಿರುಗಿದರು. ಅವನು ಎಲ್ಲವನ್ನೂ ಒಪ್ಪಿಸಿದ, ಮೊಮ್ಮಕ್ಕಳ ಹೆಸರೂ ಸೇರಿ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಂಥವರ ಜೊತೆ ಹೇಗೆ ಏಗಿದ್ರಿ?" ಪರಸ್ಕೀವ ಕೇಳಿದಳು.

"ನಾನೂ ಏಗ್ದೆ, ಮಗಳೂ ಏಗಿದ್ಲು."

"ಹಾಗಾದ್ರೆ ಸಂಬಂಧ ಗಟ್ಟಿ, ಬೀಗಿತ್ತಿ! ಇಂಥ ಹುಡುಗೀನೇ ಹುಡುಕ್ತಿದ್ದೆ. ನನ್ನ ಮಗಾನೂ ಥೇಟ್ ನಿಮ್ಮ ಯಜಮಾನ್ರ ಹಾಗೇ!"

ಮದುವೆ ಮುರಿಯದಿರಲಪ್ಪಾ ಎಂದು ಬೆಳಗಿನಿಂದ ದೇವರನ್ನು ಬೇಡುತ್ತಿದ್ದ ಗವ್ರಿಲ, ಹೇಗಾದರೂ ಮುರಿಯಲಪ್ಪಾ ಎಂದು ಬೇಡತೊಡಗಿದ. ಅಷ್ಟರಲ್ಲಿ ಇಲಿಂಕಾ ಒಪ್ಪಿಯಾಗಿತ್ತು.