ತೊಟ್ಟಿಯೊಳಗೆ ಕಳೆ ನೆಟ್ಟ ಪಾಪ

ದುಡಿದವರೊಬ್ಬರು, ಹೆಸರು ಪಡೆದವರೊಬ್ಬರು ಎಂಬ ಅನ್ಯಾಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲೋಯರ್ ಸೆಕೆಂಡರಿ ದಾಟದಿದ್ದರೂ ವಾರಪತ್ರಿಕೆಯ ನನ್ನ ಅಂಕಣದಲ್ಲಿ ಹತ್ತು ವರ್ಷದಿಂದ ಇದನ್ನೇ ಗುಡುಗುತ್ತಿದ್ದೇನೆ. (ನಮ್ಮ ಮನೆಯಲ್ಲಿ ಅದನ್ನು ಓದುವವರಿಲ್ಲ. ನನ್ನ ಧರ್ಮಪತ್ನಿ ರುಕ್ಮಿಣಮ್ಮ ಅದರಲ್ಲಿ ಒಣಮೆಣಸಿನಕಾಯಿ ಕಟ್ಟಿಡುತ್ತಾಳೆ.)

ಅಂಥ ನಾನು, ತಮ್ಮ ಸೀಮೆಗೆ ವಾಪಸು ಹೊರಟ ಕಾಫಿತೋಟದ ಇಂಗ್ಲಿಷ್ ದೊರೆಯೊಬ್ಬರ ಹರಾಜಿನಲ್ಲಿ ಗಾಜಿನ ಮೀನುತೊಟ್ಟಿ ಹಿಡಿದು ಹುಣಸೂರಿನ ಮನೆಗೆ ತಂದೆ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ, ತಳಕ್ಕೆ ಹಸಿರು ಜಮಖಾನ ಹಾಸಿದಂತೆ ಗಿಡ ಬೆಳೆಸಬೇಕು, ಅದು ಬಲು ಸುಲಭ ಎಂದಿತ್ತು. ಚಿತ್ರ ನೋಡಿದರೆ ನಮ್ಮ ಗದ್ದೆಗಳ ನಾಲ್ಕೆಲೆ ಕಳೆಯೇ! ಬುಟ್ಟಿ ತುಂಬ ತಂದು, ಮರಳು ಸುರಿದು, ಕಂಠಮಟ್ಟ ನೀರು ತುಂಬಿ ನೆಟ್ಟೆ. ಬೆಳಿಗ್ಗೆ ಜಮಖಾನ ಮೇಲೆ ತೇಲುತ್ತಿತ್ತು. ಮತ್ತೆ ನೆಟ್ಟೆ, ಮತ್ತೆ ತೇಲಿತು. ಇದ್ದ ಒಂದೇ ಮೀನು ನನ್ನನ್ನು ನೋಡುತ್ತಿತ್ತು, ನಾನು ಪುಸ್ತಕ ನೋಡುತ್ತಿದ್ದೆ. ತಪ್ಪು ಯಾರದೆಂದು ಮೂವರಿಗೂ ತಿಳಿಯಲಿಲ್ಲ.

“ಹೊಳೆ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿತ್ತು ಕಣ್ರೀ. ನಿಮ್ಮ ಜಮಖಾನದ ಮೇಲೆ ಕೂರೋರು ಯಾರು, ಆ ಮೀನಾ?” ಎಂದಳು ರುಕ್ಮಿಣಮ್ಮ.

ಕಂಠಪ್ಪನವರ ಗದ್ದೆಗಳಲ್ಲಿ ಕಳೆ ಕೀಳುವ ಕೂಲಿಯ ಚಿಕ್ಕಸಿದ್ದಮ್ಮ ಮಜ್ಜಿಗೆಗೆಂದು ಬಂದವಳು ತೊಟ್ಟಿ ನೋಡಿ ಬಾಯಿಗೆ ಸೆರಗಿಟ್ಟಳು.

“ಇದೇನ್ ಬುದ್ದಿ, ಕಳೇನ ನೆಟ್ಟಿದ್ದೀರಿ? ನಾವು ಕೀಳಕ್ಕಾಗ್ದೆ ಸಾಯ್ತಾ ಇದ್ದೀವಿ!”

“ಕಳೆಯಲ್ಲ ಕಣಮ್ಮ, ಜಲೋದ್ಯಾನ.”

“ಏನೋ ಒಂದು. ಬೇರು ಕಚ್ಚೋಗಂಟ ಯಾರಾದ್ರೂ ಈ ಪಾಟಿ ನೀರು ಕಟ್ಟಾರಾ? ಮೀನ ಆ ಕಲ್ಬಾನಿಗೆ ಬುಡಿ, ನೀರ ಬಸೀರಿ.”

ಮರಳ ಕೆಳಗೆ ಹೊಳೆಯ ಗೋಡುಮಣ್ಣು ಹಾಸಿ, ಬೇರಿದ್ದ ತುಂಡುಗಳನ್ನು ಎರಡೇ ಬೆರಳಲ್ಲಿ ಒತ್ತಿ, ಒದ್ದೆಯಾಗುವಷ್ಟೇ ನೀರು ಚಿಮುಕಿಸಿ ಹೋದಳು. ಬೇರು ಹಿಡಿದ ಮೇಲೆ ನೀರು ಏರಿಸಿದೆವು. ಒಂದೂವರೆ ತಿಂಗಳಿಗೆ ತಳವೆಲ್ಲ ಹಸಿರೋ ಹಸಿರು!

ವೀರಭದ್ರಸ್ವಾಮಿ ಮೇಷ್ಟ್ರು ನೋಡಲು ಬಂದು, “ಯಾರ ಕೈಚಳಕ ಇದು?” ಎಂದರು. ಆತ್ಮಸಾಕ್ಷಿ ಎಚ್ಚರವಾಗುವ ಮೊದಲೇ ನಾಲಿಗೆ “ನನ್ನದೇ” ಎಂದುಬಿಟ್ಟಿತು.

ಅವರು ಹೋದ ಮೇಲೆ ರುಕ್ಮಿಣಮ್ಮ ಕೇಳಿದಳು: “ನೀವು ಬರೆಯೋದೆಲ್ಲ ಊರೋರಿಗೆ ಮಾತ್ರಾನಾ?”

ಆ ವಾರವೇ ಬರೆದೆ: ‘ಆ ಹಸಿರು ನನ್ನದಲ್ಲ. ಕಳೆಯನ್ನು ನಾಜೂಕಾಗಿ ನೆಟ್ಟು ಬೆಳೆಸಿದ ಮಹಾನಿಪುಣೆ ಚಿಕ್ಕಸಿದ್ದಮ್ಮ.’ ಅವಳು ಆನಂದಬಾಷ್ಪ ಸುರಿಸುತ್ತ ಬರುವಳೆಂದು ಜಗಲಿಯಲ್ಲಿ ಕಾದು ಕುಳಿತೆ.

ಬಂದಳು. ಸೊಂಟಕ್ಕೆ ಸೆರಗು ಬಿಗಿದಿದ್ದಳು.

“ನಾನೇನ್ ಮಾಡಿದ್ದೆ ಬುದ್ದಿ ನಿಮ್ಗೆ? ಕಳೆ ನೆಟ್ಟು ಬೆಳ್ಸೋಳು ಅಂತ ಪೇಪರ್ನಾಗೆ ನನ್ ಎಸ್ರು ಆಕ್ಸಿದ್ದೀರಂತೆ! ಮೇಷ್ಟ್ರು ಚಾವಡೀಲಿ ಓದವ್ರೆ. ಕಂಠಪ್ಪನೋರು ಗದ್ದೆಗೇ ಇಳೀಬ್ಯಾಡ ಅಂದ್ರು. ಇಲ್ಲಿ ಕಿತ್ತಿದ್ದ ಮಡ್ಲಲ್ಲಿ ಇಟ್ಕಂಡು ಅಲ್ಲಿ ನೆಡ್ತಾಳೆ, ನಾಳೀಕೂ ಕೂಲಿ ಸಿಗ್ಲಿ ಅಂತ, ಅಂತಾರೆ!”

“ಸಿದ್ದಮ್ಮ, ನಾನು ಬರೆದದ್ದು ಸತ್ಯ...”

“ಸತ್ಯ ಉಂಡು ಮಲಗಕ್ಕಾಯ್ತದಾ? ನೀವೇ ನೆಟ್ಟಿದ್ದು ಅಂತ ಬರೀರಿ. ಇಲ್ದಿದ್ರೆ ನನ್ ಮಕ್ಳಿಗೂ ಇಲ್ಲೇ ಮುದ್ದೆ ಇಕ್ಕಿ.”

ಸುಳ್ಳು ಹೇಳಿದ್ದು ಪಾಪ. ನಿಜ ಹೇಳಿದ್ದು ಮಹಾಪಾಪ. ಈಗ ಅದೇ ಸುಳ್ಳನ್ನು ಅಚ್ಚು ಹಾಕಿಸಿದರೆ ಪ್ರಾಯಶ್ಚಿತ್ತ!

“ಬರೀರಿ. ಮೊದಲು ಜಂಬಕ್ಕೆ ಹೇಳಿದ್ರಿ, ಈಗ ಪುಣ್ಯಕ್ಕೆ ಹೇಳಿ,” ಎಂದಳು ರುಕ್ಮಿಣಮ್ಮ.

ಮುಂದಿನ ವಾರ ಬರೆದೆ: ‘ಕಳೆ ನೆಟ್ಟವನು ನಾನೊಬ್ಬನೇ. ಚಿಕ್ಕಸಿದ್ದಮ್ಮ ಹುಟ್ಟಿದಂದಿನಿಂದ ಕಿತ್ತವಳೇ ಹೊರತು ನೆಟ್ಟವಳಲ್ಲ.’ ಮಾರನೆಯ ದಿನವೇ ಅವಳನ್ನು ಗದ್ದೆಗೆ ಕರೆದರು.

ಇವತ್ತು ಸಮಾಧಾನದಿಂದ ಆ ಗದ್ದೆಯ ಬದುವಿನ ಮೇಲೆ ಹೊರಟಿದ್ದೆ. ಕಂಠಪ್ಪನವರು ಓಡಿಬಂದರು.

“ಅಲ್ಲೇ ನಿಂತ್ಕಳಿ ಸ್ವಾಮಿ! ಮುಷ್ಟಿ ಬಿಚ್ಚಿ. ಜೇಬೂ ತೋರ್ಸಿ!”

ಜೇಬು ಹೊರಕ್ಕೆಳೆದು ತೋರಿಸಿದೆ. ಬಗ್ಗಿದ್ದ ಹೆಂಗಸರೆಲ್ಲ ನೆಟ್ಟಗಾದರು. ಎಲ್ಲರಿಗಿಂತ ಮುಂದೆ ನಿಂತಿದ್ದ ಚಿಕ್ಕಸಿದ್ದಮ್ಮ ಕೂಗಿದಳು:

“ಪಂಚೆ ಮಡಿಕೇನೂ ನೋಡ್ಬುಡಿ ಕಂಠಪ್ಪನೋರೆ! ಅವ್ರು ನೆಟ್ಟಿದ್ದು ಬೇರು ಕಚ್ಕಂಡ್ಬುಡ್ತದೆ!”