ಅಗ್ಗಪ್ಪನ ನೀಲಿ ಕೋಟು

ಎಲ್ಲಕ್ಕೂ ಕಾರಣ ಆ ಕೋಟು. ತಂಗಿಯ ಮದುವೆಗೆಂದು ಹೊಲಿಸಿದ ಕಡುನೀಲಿ ಕೋಟು, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ. ಪೆಟ್ಟಿಗೆಯಲ್ಲಿಟ್ಟು ಒಯ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಗ್ಗಪ್ಪ ಕೊಂಡಿದ್ದು ಪೆಟ್ಟಿಗೆಗೆ ಬೇರೆ ದುಡ್ಡು ಕೇಳುವ ಟಿಕೆಟ್ಟು.

ಅಗ್ಗಪ್ಪ ಅನ್ನುವುದು ಕಚೇರಿಯವರು ಇಟ್ಟ ಹೆಸರು. ಎಲ್ಲಿ ಏನು ಅಗ್ಗ ಎಂಬುದು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಈ ಸಲ ಬಸ್ಸಿನ ದರಕ್ಕೆ ವಿಮಾನ ಹತ್ತಿಸುವ ಕಂಪನಿಯೊಂದನ್ನು ಪತ್ತೆಹಚ್ಚಿ, ಮಾರಾಟ ಶುರುವಾದ ಗಳಿಗೆಯಲ್ಲೇ ಟಿಕೆಟ್ ಕೊಂಡಿದ್ದ. ಕೊಂಡು ಸುಮ್ಮನಿದ್ದನೇ? ನೆಂಟರಿಷ್ಟರ ದುಂಬಾಲು ಬಿದ್ದು ಅವರಿಗೂ ಹೋಗಿಬರುವ ಟಿಕೆಟ್ ಕೊಡಿಸಿದ. ಅವರೆಲ್ಲ ಅವನ ಹೆಂಡತಿಯ ಜೊತೆ ಮೊದಲೇ ಹಾರಿ ಮದುವೆಮನೆ ಸೇರಿದ್ದರು. ಇವನಿಗೆ ರಜೆ ಸಿಕ್ಕಿದ್ದು ಈಗ, ಮದುವೆಯ ಹಿಂದಿನ ದಿನ. ತಂದೆಯಿಲ್ಲದ ತಂಗಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅಣ್ಣಾ, ನೀನು ಬಂದು ಪಕ್ಕದಲ್ಲಿ ನಿಲ್ಲೋವರೆಗೂ ನಾನು ಕೋಣೆಯಿಂದ ಈಚೆ ಬರಲ್ಲ."

ಎದುರುಮನೆಯ ನಿವೃತ್ತ ಮೇಷ್ಟ್ರು ಕೇಳದೆಯೇ ಸಲಹೆ ಕೊಟ್ಟರು. "ಕೋಟು ಮೈಮೇಲೆ ಹಾಕ್ಕೊಳಯ್ಯ. ಮೈಮೇಲಿದ್ದದ್ದನ್ನ ಯಾರೂ ತೂಕಕ್ಕೆ ಹಾಕಲ್ಲ."

ಹಾಕಿಕೊಂಡೇ ಹೋದ.

ವಿಮಾನ ನಿಲ್ದಾಣದಲ್ಲಿ ಕಂಪನಿಯ ಕೌಂಟರು ಕತ್ತಲಾಗಿತ್ತು. ಗಾಜಿಗೆ ಒಂದು ಹಾಳೆ ಅಂಟಿಸಿದ್ದರು: ಕಂಪನಿ ದಿವಾಳಿಯಾಗಿದೆ, ಅನನುಕೂಲಕ್ಕೆ ವಿಷಾದಿಸುತ್ತೇವೆ. ಸಂಬಳವೇ ಕಾಣದ ನೌಕರರು ನೀಲಿ ಸಮವಸ್ತ್ರ ಬಿಚ್ಚಿಟ್ಟು ಹಿಂಬಾಗಿಲಿಂದ ಜಾಗ ಖಾಲಿ ಮಾಡಿದ್ದರು.

ಅಗ್ಗಪ್ಪ ಪಕ್ಕದ ಕಂಪನಿಯ ಕೌಂಟರಿಗೆ ಓಡಿದ. ಅಲ್ಲಿನ ಹುಡುಗಿ ದರ ಹೇಳಿದಳು. ಅವನು ಜೇಬು ತಡಕುವಷ್ಟರಲ್ಲಿ ಇನ್ನೊಂದು ದರ ಹೇಳಿದಳು.

"ಈಗ ತಾನೇ ಬೇರೆ ಹೇಳಿದ್ರಲ್ಲಮ್ಮ?"

"ಅದು ಈಗ ತಾನೇ ಸಾರ್."

"ಹೋಗ್ಲಿ, ಕುಡಿಯೋಕೆ ನೀರಾದ್ರೂ ಕೊಡಿ."

"ದುಡ್ಡಾಗುತ್ತೆ. ನಿನ್ನೆವರೆಗೂ ಬಿಟ್ಟಿ ಕೊಡ್ತಿದ್ವಿ, ಅವರ ಜೊತೆ ಪೈಪೋಟಿ ಇತ್ತು. ಇನ್ನು ಯಾಕೆ?"

ವಿಚಾರಣೆ ಕಿಟಕಿಯವನು ಇನ್ನೂ ಧೈರ್ಯ ತುಂಬಿದ. "ನಿಮ್ಮ ದುಡ್ಡು ಎಲ್ಲಿಗೂ ಹೋಗಲ್ಲ. ಮೊದಲು ಬ್ಯಾಂಕಿನವರು, ಆಮೇಲೆ ಇಂಧನದವರು, ಆಮೇಲೆ ವಕೀಲರು. ಏನಾದ್ರೂ ಮಿಕ್ಕಿದ್ರೆ ನೀವೇ!"

ಅಗ್ಗಪ್ಪ ವಾಪಸ್ ಬಂದು ಆ ಕತ್ತಲ ಕೌಂಟರಿಗೆ ಒರಗಿ ನಿಂತ. ಅದೇ ತಪ್ಪಾಯಿತು. ದಪ್ಪ ಕನ್ನಡಕದ ಅಜ್ಜಿಯೊಬ್ಬಳು ಅವನ ತೋಳು ಹಿಡಿದು ಕೂಗಿದಳು. "ಬನ್ರೋ! ಒಬ್ಬ ಆಫೀಸರ್ ಸಿಕ್ಕಿದ!"

"ಅಜ್ಜಿ, ನಾನೂ ನಿಮ್ಮ ಹಾಗೇ..."

"ಗೊತ್ತಪ್ಪ, ನಿಂಗೂ ಸಂಬಳ ಬಂದಿಲ್ಲ. ಅದಕ್ಕೆ ನಾನೇನು ಮಾಡ್ಲಿ? ವಿಮಾನ ತರಿಸು."

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಒಬ್ಬ ಕಾಲರಿಗೇ ಕೈಹಾಕಿದ. ಹೊಸ ಕೋಟು! ಅಗ್ಗಪ್ಪನ ಗಂಟಲು ತಾನಾಗಿ ಗುಡುಗಿತು. "ಕೈ ತೆಗೀರಿ! ಸಾಲಾಗಿ ನಿಂತ್ಕೊಳ್ಳಿ, ವ್ಯವಸ್ಥೆ ಮಾಡ್ತೀನಿ."

ಜನ ನಿಜಕ್ಕೂ ಸಾಲಾಗಿ ನಿಂತರು. ಹುಟ್ಟಿದಾಗಿನಿಂದ ಅವನ ಮಾತು ಯಾರೂ ಕೇಳಿರಲಿಲ್ಲ, ಕಚೇರಿಯ ಜವಾನ ಕೂಡ. ಸುಳ್ಳು ಯಾಕೆ, ಒಳಗೊಳಗೇ ಖುಷಿಯಾಯಿತು. ಮುದುಕರಿಗೆ ಕುರ್ಚಿ ಹಾಕಿಸಿದ. ಪಕ್ಕದ ಕೌಂಟರಿನವರ ಜೊತೆ ಜಗಳವಾಡಿ ಎಲ್ಲರಿಗೂ ನೀರು ಕೊಡಿಸಿದ. ಟಿವಿಯವರು ಬಂದು ಮೂತಿಗೆ ಮೈಕು ಹಿಡಿದಾಗ, ಮಾತಿನ ಭರದಲ್ಲಿ, "ಕಂಪನಿಯ ಪರವಾಗಿ ಕ್ಷಮೆ ಕೇಳ್ತೀನಿ" ಅಂದುಬಿಟ್ಟ.

ಸಂಜೆ ಸರ್ಕಾರಿ ಅಧಿಕಾರಿಯೊಬ್ಬರು ಬಂದರು. ಸಿಕ್ಕಿಬಿದ್ದ ಪ್ರಯಾಣಿಕರನ್ನು ಪಕ್ಕದ ಕಂಪನಿಯ ವಿಮಾನದಲ್ಲಿ ಪುಕ್ಕಟೆ ಕಳಿಸಲು ಆದೇಶವಾಗಿತ್ತು. ಅಗ್ಗಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ತನ್ನ ಟಿಕೆಟ್ ಚಾಚಿದ.

"ಪ್ರಯಾಣಿಕರಿಗೆ ಮಾತ್ರ. ನೌಕರರಿಗಿಲ್ಲ," ಅಂದರು ಅಧಿಕಾರಿ.

"ನಾನೂ ಪ್ರಯಾಣಿಕ ಸ್ವಾಮಿ! ಟಿಕೆಟ್ ನೋಡಿ."

ಅಧಿಕಾರಿ ಅದರ ಮೇಲಿನ ದರ ಓದಿ ನಕ್ಕರು. "ಈ ರೇಟಿಗೆ ಹೊರಗಿನವರಿಗೆ ಯಾರ್ರೀ ಕೊಡ್ತಾರೆ? ಸ್ಟಾಫ್ ಟಿಕೆಟ್ ಇದು."

ಅಗ್ಗಪ್ಪ ದಿಕ್ಕುಗಾಣದೆ ಅಜ್ಜಿಯ ಕಡೆ ನೋಡಿದ. ಅಜ್ಜಿ ಕೈಮುಗಿದಳು. "ಪಾಪ, ಇವನ್ನ ಏನೂ ಅನ್ಬೇಡಿ ಸ್ವಾಮಿ. ಬೆಳಿಗ್ಗೆಯಿಂದ ನಮ್ಮನ್ನ ಮಕ್ಕಳ ಹಾಗೆ ನೋಡ್ಕೊಂಡ ಆಫೀಸರ್ ಇವನೇ!"

ಬಾಗಿಲು ಮುಚ್ಚಿತು. ಕಿಟಕಿಯಾಚೆ ವಿಮಾನ ಮೇಲೇರುತ್ತಿದ್ದಾಗ ಹೆಂಡತಿಯ ಫೋನು ಬಂತು.

"ರೀ, ನಿಮ್ಮನ್ನ ಟಿವಿಲಿ ನೋಡಿದ್ವಿ."

"ತಂಗಿಗೆ ಹೇಳೇ, ನಡ್ಕೊಂಡಾದ್ರೂ ಬರ್ತೀನಿ. ತುಂಬಾ ಅಳ್ತಿದಾಳಾ?"

"ಅಳ್ತಿದಾಳೆ. ನೆಂಟರೆಲ್ಲ ವಾಪಸ್ ಹೋಗೋ ಟಿಕೆಟ್ ಹಿಡ್ಕೊಂಡು ಬಾಗಿಲಲ್ಲೇ ಕೂತಿದಾರೆ. ಇದು ನಿಮ್ಮದೇ ಕಂಪನಿಯಂತೆ, ಮುಳುಗುತ್ತೆ ಅಂತ ಗೊತ್ತಿದ್ದೇ ನಮ್ಮ ತಲೆಗೆ ಕಟ್ಟಿದ ಅಂತಿದಾರೆ. ಅಣ್ಣ ಬಂದ್ರೆ ಹೊಡೆದಾಟವಾಗುತ್ತೆ, ಮದುವೆ ಮುಗಿಯೋವರೆಗೂ ಈ ಕಡೆ ತಲೆ ಹಾಕೋದು ಬೇಡ ಅಂತ ನಿಮ್ಮ ತಂಗೀನೇ ಹೇಳಿ ಕಳಿಸಿದಾಳೆ."

ಅಗ್ಗಪ್ಪ ಫೋನು ಜೇಬಿಗಿಟ್ಟು ಕೋಟಿನ ಮೊದಲ ಗುಂಡಿ ಬಿಚ್ಚಿದ. ಅಷ್ಟರಲ್ಲಿ ಪೆಟ್ಟಿಗೆ ಎಳೆದುಕೊಂಡು ಒಂದು ಸಂಸಾರ ಓಡೋಡಿ ಬಂತು.

"ಆಫೀಸರ್ ಸಾರ್, ನಾಳೆ ಬೆಳಿಗ್ಗೆ ವಿಮಾನ ಇದೆ ತಾನೇ?"

ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡು ಅಗ್ಗಪ್ಪ ನಿಟ್ಟುಸಿರು ಬಿಟ್ಟ.

"ಸಾಲಾಗಿ ನಿಂತ್ಕೊಳ್ಳಿ," ಅಂದ.