ಕಂಪ್ಲಿಯ ಮಾವನನ್ನು ಸಂಡೂರಿಗೆ ಕಳಿಸಿದ್ದು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಹೊಸಪೇಟೆ ಬಂದು ಹೇಳುತ್ತದೆ. ಕಂಪ್ಯೂಟರ್ ಕ್ಲಾಸಿನ ನಮ್ಮ ಮಾಸ್ತರರು ಮೂಗಿನಲ್ಲಿ ಮಾತಾಡುತ್ತಿದ್ದರು. ಅತಿಮುಖ್ಯವಾದ ಪಾಠದ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವರ ದನಿಯನ್ನು ಕಲಿತೆ. ಪಾಠವನ್ನಲ್ಲ!

ಆ ಪಾಠ ಇಷ್ಟೇ: ಕಂಪ್ಯೂಟರಿನೊಳಗೆ ಡಿಸ್ಕೂ ಸೌಂಡ್ ಕಾರ್ಡೂ ಮೆಮೊರಿಯ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. ಬಫರ್ ಎಂದು ಅದರ ಹೆಸರು. ಡಿಸ್ಕು ಅಲ್ಲಿ ದನಿಯನ್ನು ತುಂಬಬೇಕು, ಕಾರ್ಡು ಅದನ್ನು ಓದಿ ಸ್ಪೀಕರಿಗೆ ಕಳಿಸಬೇಕು. 'ನಂದು ಮುಗೀತು' ಎಂದು ಕಾರ್ಡು ಸನ್ನೆ ಕೊಡುವ ತನಕ ಡಿಸ್ಕು ಅಲ್ಲಿ ಕೈ ಹಾಕಕೂಡದು. ಹೀಗೆ ಕಾಯಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ಒಡಲಲ್ಲಿ ಕೂತ ಸಣ್ಣ ಪ್ರೋಗ್ರಾಮಿನ ಕೆಲಸ.

ಪ್ರೈವೇಟ್ ಬಸ್ ಮಾಲೀಕರೊಬ್ಬರಿಗೆ ತಮ್ಮ ಸ್ಟ್ಯಾಂಡಿನಲ್ಲಿ ಯಾವ ಊರಿನ ಬಸ್ಸು ಯಾವ ಗೇಟಿನಲ್ಲಿ ಎಂದು ಕಂಪ್ಯೂಟರೇ ಕೂಗಬೇಕೆಂಬ ಆಸೆ ಹುಟ್ಟಿತು. ಆ ಪ್ರೋಗ್ರಾಮನ್ನು ನಾನು ಬರೆದೆ. ದನಿಯೂ ನನ್ನದೇ, ರೇಡಿಯೋ ವಾರ್ತೆಯವರ ಗತ್ತಿನಲ್ಲಿ. ಕಾಯುವ ಸಾಲುಗಳನ್ನು ಮಾತ್ರ ಬಿಟ್ಟೆ. ಕಾಯುವುದು ಸೋಮಾರಿಗಳ ಲಕ್ಷಣ! ಒಂದೊಂದೇ ಬಸ್ಸು ಕೂಗಿಸಿ ನೋಡಿದಾಗ ಮಸ್ತಾಗಿಯೇ ಕೂಗಿತು.

ಉದ್ಘಾಟನೆಗೆ ಕಂಪ್ಲಿಯ ವೀರಣ್ಣನವರು ಬಂದರು. ಅವರ ಮಗಳನ್ನು ನನಗೆ ಕೊಡುವ ಮಾತು ನಡೆದಿತ್ತು. ವರನ ಘನತೆಯನ್ನು ಕಣ್ಣಾರೆ ಕಂಡು, ಮಧ್ಯಾಹ್ನದೊಳಗೆ ಕಂಪ್ಲಿ ಮುಟ್ಟಿ, ಕಾದು ಕೂತ ಹಿರಿಯರ ಮುಂದೆ 'ಹೂಂ' ಅನ್ನುವುದೊಂದೇ ಬಾಕಿ.

"ಮನುಷ್ಯಾರ ಬಾಯಿ ನಂಬಬ್ಯಾಡ್ರಿ ಮಾಮಾ," ಎಂದೆ. "ಮಿಷಿನ್ ಹೇಳಿದ ಗೇಟಿಗೆ ಹೋಗ್ರಿ."

ಅಷ್ಟರಲ್ಲಿ ಎರಡು ಬಸ್ಸು ಒಟ್ಟಿಗೆ ಬಂದವು. ಕಂಪ್ಲಿಯ ಗುಂಡಿ ಒತ್ತಿದೆ, ಬೆನ್ನಿಗೇ ಸಂಡೂರಿನದು. ಕಾರ್ಡು ಕಂಪ್ಲಿಯ ಅರ್ಧ ಓದಿತ್ತೋ ಇಲ್ಲವೋ, ಡಿಸ್ಕು ಅದೇ ಜಾಗದ ಮೇಲೆ ಸಂಡೂರನ್ನು ಸುರಿಯಿತು. "ಕಂಪ್ಲಿಗೆ ಹೋಗುವ ಬಸ್ಸು... ಎರಡನೇ ಗೇಟಿನಲ್ಲಿ ನಿಂತಿದೆ!" ಕಂಪ್ಲಿ ಬಸ್ಸು ಇದ್ದದ್ದು ಒಂದನೇ ಗೇಟಿನಲ್ಲಿ; ಎರಡನೇ ಗೇಟಿನಲ್ಲಿ ನಿಂತದ್ದು ಸಂಡೂರು ಬಸ್ಸು. ನಾನೋ, ನನ್ನ ದನಿಗೆ ನಾನೇ ಮರುಳಾಗಿ ಕೂತಿದ್ದೆ!

ಬೋರ್ಡು ಇತ್ತಲ್ಲ ಅನ್ನಬೇಡಿ. ಕಂಪ್ಯೂಟರ್ ಬಾಯಿಬಿಟ್ಟ ಮೇಲೆ ಬೋರ್ಡು ಓದುವವರು ಯಾರು?

"ಇದು ಸಂಡೂರ್ರೀ ಯಜಮಾನ್ರ, ಇಳೀರಿ," ಎಂದು ಕಂಡಕ್ಟರ್ ಬಡಿದುಕೊಂಡನಂತೆ.

"ಕಂಪ್ಯೂಟರ್‌ಗಿಂತ ನೀ ಶಾಣ್ಯಾ ಏನಲೇ? ಹೊಡಿ ರೈಟ್!" ಎಂದರಂತೆ ವೀರಣ್ಣ. ಹಿಂದೆ ಕೂತ ಇಬ್ಬರು ಹೈಸ್ಕೂಲು ಮೇಷ್ಟ್ರುಗಳೂ ಕಂಪ್ಯೂಟರಿನ ಪರವೇ ನಿಂತರಂತೆ. ವಿದ್ಯಾವಂತರಲ್ಲವೇ! ಗದ್ದೆ ಬರಬೇಕಾದಲ್ಲಿ ಗುಡ್ಡ ಬಂದರೂ, ಎದುರಿಗೆ ಅದಿರಿನ ಲಾರಿಗಳು ಸಾಲುಗಟ್ಟಿದರೂ, ಇದು ಕಂಪ್ಯೂಟರ್ ಹುಡುಕಿದ ಹೊಸ ರೂಟು ಎಂದುಕೊಂಡು ಮೂವರೂ ಗಂಭೀರವಾಗಿ ಕೂತರಂತೆ.

ಸಂಜೆ ವೀರಣ್ಣ ಮೈಯೆಲ್ಲ ಕೆಂಧೂಳಾಗಿ ಸ್ಟ್ಯಾಂಡಿಗೆ ಮರಳಿದರು. ಕಂಪ್ಲಿಯ ಹಿರಿಯರು ಉಂಡು, ಬೈದು, ಎದ್ದು ಹೋಗಿಯಾಗಿತ್ತು. ನಾನು ಅಪಾರ ಗಾಂಭೀರ್ಯದಿಂದ ವಿವರಣೆಗೆ ನಿಂತೆ.

"ಎರಡು ಮಿಷಿನ್ ಒಂದ ಜಾಗದಾಗ ಇರಬೇಕಂದ್ರ, ಒಂದರ ಕೆಲಸ ಮುಗಿಯೋತನ ಇನ್ನೊಂದು ಕಾಯಬೇಕ್ರಿ ಮಾಮಾ. ಆ ಹೊಂದಾಣಿಕಿ ಒಂದು ಮಾಡಿದ್ದಿಲ್ಲ, ಅಷ್ಟ."

ವೀರಣ್ಣ ಟವೆಲಿನಿಂದ ಮೀಸೆಯ ಧೂಳು ಒರೆಸಿಕೊಂಡರು.

"ಜೀವ ಇಲ್ಲದ ಎಲ್ಡು ಮಿಷಿನ್ ಒಂದ ಜಾಗದಾಗ ಹೊಂದಿಕ್ಯಂಡು ಇರಂಗ ಮಾಡಾಕ ಆಗ್ಲಿಲ್ಲ ನಿನಗ. ನನ್ನ ಮಗಳ ಜೋಡಿ ಏನ್ ಸಂಸಾರ ಮಾಡ್ತೀಯಲೇ?"